ಬಲಗಡೆ ಬರಿದಾಗಬಾರದು

ಮನೆ ನಡೆಸುವ ಹೆಂಗಸಿಗೂ ಸೊನ್ನೆಗೂ ಆಗಿಬರುವುದಿಲ್ಲ. ಇದನ್ನು ನಾನು ಗಣಿತ ಬಲ್ಲವಳಾಗಿ ಹೇಳುತ್ತಿಲ್ಲ, ಅಡುಗೆಮನೆ ಬಲ್ಲವಳಾಗಿ ಹೇಳುತ್ತಿದ್ದೇನೆ. ನಮ್ಮ ಕಡೆ ಜೋಳದ ಡಬ್ಬಿಯನ್ನು ತಳ ಕಾಣುವ ತನಕ ಬಳಿಯುವುದಿಲ್ಲ. ಬೀಸಲಿಕ್ಕೆ ಕಳಿಸುವಾಗಲೂ ಒಂದು ಹಿಡಿ ಕಾಳು ಒಳಗೇ ಬಿಟ್ಟು ಮುಚ್ಚಳ ಹಾಕಬೇಕು. ಉಪ್ಪಿನ ಭರಣಿಯಲ್ಲಿ ನಾಲ್ಕು ಹರಳು, ರೊಟ್ಟಿ ಬುಟ್ಟಿಯಲ್ಲಿ ಕೊನೆಯ ಒಂದು ರೊಟ್ಟಿ, ಹಾಲಿನ ಪಾತ್ರೆಯ ತಳದಲ್ಲಿ ಒಂದು ಗುಟುಕು, ಹೀಗೆ ಏನಾದರೂ ಉಳಿದಿರಬೇಕು. ಉಳಿದದ್ದರ ಮೇಲೆಯೇ ಲಕ್ಷ್ಮಿ ಬಂದು ಕೂಡುತ್ತಾಳೆ, ಬರಿ ಡಬ್ಬಿಯಲ್ಲಿ ಆಕೆ ಎಲ್ಲಿ ಕೂತಾಳು? ಅಷ್ಟೇ ಅಲ್ಲ, ಒಂದು ಪದಾರ್ಥ ತೀರಿತು ಅನ್ನುವ ಮಾತನ್ನೂ ಬಾಯಿಂದ ಆಡುವ ಹಾಗಿಲ್ಲ. ಎಣ್ಣೆ ಮುಗಿದರೆ "ಎಣ್ಣಿ ಹೆಚ್ಚಾತು" ಅನ್ನಬೇಕು. ಮದುವೆಯಾದ ಹೊಸದರಲ್ಲಿ ನಾನು ನಮ್ಮವರಿಗೆ ಸಕ್ಕರೆ ಹೆಚ್ಚಾಗೈತ್ರಿ ಅಂದಾಗ ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, ಹೆಚ್ಚಾಗಿದ್ದರ ಛಲೋ ಆತಲ್ಲ, ಬಾಜೂ ಮನಿಯವರಿಗೆ ಒಂದಿಷ್ಟು ಕೊಡು ಅಂತ ಹೇಳಿ ಹೋಗಿಬಿಟ್ಟಿದ್ದರು. ಆ ದಿನ ಬೆಲ್ಲದ ಚಹಾ ಕುಡಿದೆವು. ಮನೆಯಲ್ಲಿ ಬೆಲ್ಲವಾದರೂ ಇತ್ತಲ್ಲ, ದೇವರ ದಯೆ.

ಇಂಥ ನನಗೆ ಈ ವಯಸ್ಸಿನಲ್ಲಿ ಬೀಜಗಣಿತ ಗಂಟು ಬಿತ್ತು. ಹೇಗೆಂದರೆ, ಮೂಡಲಗಿಯ ನಮ್ಮ ಓಣಿಯ ಗುಡಿಯ ಪಕ್ಕದಲ್ಲಿ ಒಂದು ಬಾಲವಾಡಿ ಇದೆ. ಸೋಮವಾರ ಪೂಜೆ ಮುಗಿಸಿಕೊಂಡು ಬರುವಾಗ ನಾನು ಅಲ್ಲಿ ಹೊಕ್ಕು, ಹುಡುಗರಿಗೆ ಪ್ರಸಾದ ಕೊಟ್ಟು, ಒಂದು ಕಥೆ ಹೇಳಿ ಬರುವ ರೂಢಿ. ಒಂದು ಅಂತ ಕೂತರೆ ಮೂರಾಗುತ್ತಿದ್ದವು, ಮನೆಯಲ್ಲಿ ಸಾರು ತಳ ಹತ್ತುತ್ತಿತ್ತು. ಅಲ್ಲಿ ಕಲಿಸುವ ದೊಡ್ಡ ಅಕ್ಕೋರಿಗೆ ಇನ್ನೊಬ್ಬ ಅಕ್ಕೋರು ಬೇಕಾಗಿದ್ದರು. ನೀವೇ ಯಾಕ ಬರಬಾರದ್ರಿ, ಆದರ ಹತ್ತನೇತ್ತ ಪಾಸಾಗಿರಬೇಕು ನೋಡ್ರಿ ಅಂದರು. ನಾನು ಹುಕ್ಕೇರಿಯ ತವರುಮನೆಯಲ್ಲಿದ್ದಾಗಲೇ ಹತ್ತನೆಯದಕ್ಕೆ ಕೂತವಳು. ಎಲ್ಲ ವಿಷಯಗಳೂ ದಾಟಿ ಗಣಿತ ಒಂದು ಅಲ್ಲೇ ಉಳಿಯಿತು. ಆಮೇಲೆ ಮದುವೆ, ಮಗಳು, ರೊಟ್ಟಿ. ಗಣಿತ ಹುಕ್ಕೇರಿಯಲ್ಲಿ, ನಾನು ಮೂಡಲಗಿಯಲ್ಲಿ, ಇಬ್ಬರೂ ಸುಖವಾಗಿಯೇ ಇದ್ದೆವು. ಆದರೆ ಅಕ್ಕೋರು ಆ ಮಾತು ಆಡಿದ ದಿನದಿಂದ ನನಗೆ ಒಂದೇ ಆಸೆ ಹಿಡಿಯಿತು. ಓಣಿಯಲ್ಲಿ ಹೋಗುವಾಗ ಸಣ್ಣದೊಂದು ಮಗು ನನ್ನ ಕಡೆ ಬೆರಳು ಮಾಡಿ "ನಮ್ಮ ಅಕ್ಕೋರು" ಅನ್ನಬೇಕು. ಇಷ್ಟೇ. ಇಷ್ಟು ಸಣ್ಣ ಆಸೆಗೆ ದೇವರು ಇಷ್ಟು ದೊಡ್ಡ ಬಾಗಿಲು ಯಾಕೆ ಹಚ್ಚಿದನೋ, ಅವನಿಗೇ ಗೊತ್ತು.

ಪರೀಕ್ಷೆಗೆ ಹೆಸರು ಕೊಡಲು ಹೋದರೆ, ಪಾಠ ಬದಲಾಗಿವೆ, ಎಲ್ಲ ವಿಷಯಗಳನ್ನೂ ಹೊಸದಾಗಿ ಬರೆಯಬೇಕು ಅಂದರು. ಉಳಿದವಕ್ಕೆ ನಾನು ಹೆದರಲಿಲ್ಲ. ಗಣಿತಕ್ಕೆ ನನ್ನ ಮಗಳು ಅಕ್ಷತಾಳನ್ನೇ ಮಾಸ್ತರನ್ನಾಗಿ ಇಟ್ಟುಕೊಂಡೆ. ಆಕೆ ಪಿಯುಸಿ ಸಾಯನ್ಸ್ ಓದುವವಳು. ಹೆತ್ತ ಮಗಳ ಕೈಯಲ್ಲಿ ಕಲಿಯುವುದು ಸುಲಭ ಅಂತ ಯಾರಾದರೂ ಅಂದುಕೊಂಡಿದ್ದರೆ ಅವರು ನಮ್ಮ ಮನೆಗೆ ಒಂದು ದಿನ ಬಂದು ಹೋಗಬೇಕು. ಆಕೆಗೆ ನಾನು ಸಣ್ಣಂದಿನಲ್ಲಿ ಏನೇನು ಬೈದಿದ್ದೆನೋ ಅದನ್ನೆಲ್ಲ ಜತನ ಮಾಡಿ ಇಟ್ಟುಕೊಂಡಿದ್ದಳು. ಲಕ್ಷ್ಯ ಎಲ್ಲೈತಿ ನಿಂದು, ಕಿಟಕ್ಯಾಗ ಏನೈತಿ, ಹೇಳಿದ್ದು ಒಂದು ಕಿವ್ಯಾಗ ಹೊಕ್ಕು ಇನ್ನೊಂದು ಕಿವ್ಯಾಗ ಹೊಂಟತೇನು, ಎಲ್ಲವೂ ನನ್ನದೇ ಮಾತು, ನನ್ನದೇ ದನಿ. ಕುಕ್ಕರ್ ಸೀಟಿ ಹೊಡೆದಾಗ ಎದ್ದರೆ, ಲೆಕ್ಕ ಮುಗಿಯೂತನಕ ಏಳಾಂಗಿಲ್ಲ ಅನ್ನುವಳು. ಬೇಳೆ ಕರಗಿ ನೀರಾದ ದಿನ ನಮ್ಮವರು ಅದನ್ನೇ ಸಾರು ಅಂತ ತಿಳಿದು ಹೊಗಳಿ ಉಂಡರು. ಅದೂ ಒಂದು ದಯೆಯೇ.

ಮೊದಮೊದಲಿನ ಸಮೀಕರಣಗಳು ನನಗೆ ಹಿಡಿಸಿದವು ಅಂತಲೇ ಹೇಳಬೇಕು. ಎಕ್ಸ್ ಅನ್ನುವುದು ಎಲ್ಲೋ ಅಡಗಿಕೊಂಡು ಕೂತಿರುತ್ತದೆ, ಸುತ್ತಲಿನ ಗದ್ದಲವನ್ನೆಲ್ಲ ಸಮ ಚಿಹ್ನೆಯ ಆಚೆ ದಾಟಿಸಿಬಿಟ್ಟರೆ ಪಾಪ, ಒಂದೇ ಉಳಿದು ತನ್ನ ಬೆಲೆ ಹೇಳಿಬಿಡುತ್ತದೆ. ದಾಟುವಾಗ ಮಾತ್ರ ಕೂಡಿದ್ದದ್ದು ಕಳೆಯುತ್ತದೆ, ಕಳೆದಿದ್ದದ್ದು ಕೂಡುತ್ತದೆ. ಇದು ಯಾಕೆ ಹಿಂಗ ಅಂತ ಅಕ್ಷತಾ ತಕ್ಕಡಿ ಗಿಕ್ಕಡಿ ತೋರಿಸಿ ಹೇಳಿದಳು. ನನಗೆ ತಕ್ಕಡಿ ಬೇಕಾಗಿರಲಿಲ್ಲ. ಹುಕ್ಕೇರಿಯಲ್ಲಿ ನಾನು ಮಾತಾಡುವವಳು, ಮನೆಮಂದಿ ಕೇಳುವವರು. ಹೊಸ್ತಿಲು ದಾಟಿ ಮೂಡಲಗಿಗೆ ಬಂದೆ, ಚಿಹ್ನೆ ಬದಲಾಯಿತು. ಇದನ್ನು ನಮ್ಮವರ ಮುಂದೆ ಹೇಳಿದರೆ, ಎಲ್ಲಿ ಬದಲಾಗೈತಿ, ದಾಟೂ ಮುಂದ ನೀ ಚಿಹ್ನಿ ಹಂಗ ಹೊತಗೊಂಡು ಬಂದೀದಿ ಅಂದರು.

ತೊಂದರೆ ಶುರುವಾದದ್ದು ವರ್ಗ ಸಮೀಕರಣದಲ್ಲಿ. ಅದರಲ್ಲಿ ಎಕ್ಸ್ ತನ್ನನ್ನು ತಾನೇ ಗುಣಿಸಿಕೊಂಡು ಮೆರೆಯುತ್ತಿರುತ್ತದೆ. ಅಕ್ಷತಾ ಹೇಳಿದ ಮೊದಲನೆಯ ನಿಯಮ ಏನೆಂದರೆ, ಬಲಗಡೆ ಇದ್ದದ್ದನ್ನೆಲ್ಲ ಎಡಗಡೆಗೆ ತಂದುಬಿಡಬೇಕು, ಬಲಗಡೆ ಬರೀ ಸೊನ್ನೆ ಇರಬೇಕು. ಎಲ್ಲಾನೂ ತರಬೇಕೇನು ಅಂತ ಕೇಳಿದೆ. ಎಲ್ಲಾನೂ ಅಂದಳು. ಆಕೆ ಕಾಲೇಜಿಗೆ ಹೋದ ಮೇಲೆ ನಾನೊಬ್ಬಳೇ ಪಾಟಿ ಬಳಪ ಹಿಡಿದುಕೊಂಡು ಕೂತೆ. ಎಕ್ಸ್ ವರ್ಗ, ಅದಕ್ಕೆ ಎರಡು ಎಕ್ಸ್ ಕೂಡಿಸಿದರೆ ಹದಿನೈದು. ಬಲಗಡೆ ಆ ಹದಿನೈದು ಒಂದೇ ಇದೆ. ಅದನ್ನೂ ತಂದುಬಿಟ್ಟರೆ ಆ ಕಡೆ ಏನು ಉಳಿಯಿತು? ನಾನು ಬೇಕಂತ ಮಾಡಲಿಲ್ಲ, ಕೈಗೆ ಆದ ರೂಢಿ ಅದು. ಹದಿನೈದರಲ್ಲಿ ಹದಿನಾಲ್ಕು ತಂದೆ, ಒಂದನ್ನು ಅಲ್ಲೇ ಬಿಟ್ಟೆ. ಲೆಕ್ಕ ತಪ್ಪೇನೂ ಆಗಿರಲಿಲ್ಲ, ಎರಡೂ ಕಡೆ ಸರಿಯಾಗಿಯೇ ಇತ್ತು. ಮನಸ್ಸಿಗೂ ಸಮಾಧಾನವಾಯಿತು.

ಮುಂದಿನ ಕೆಲಸ, ಗುಣಿಸಿದರೆ ಹದಿನಾಲ್ಕು ಆಗುವ, ಒಂದರಲ್ಲಿ ಒಂದು ಕಳೆದರೆ ಎರಡು ಉಳಿಯುವ ಜೋಡಿಯನ್ನು ಹುಡುಕುವುದು. ಏಳು ಮತ್ತು ಎರಡು ಬಂದರು, ನಡುವೆ ಐದರ ಅಂತರ. ಹದಿನಾಲ್ಕು ಮತ್ತು ಒಂದು ಬಂದರು, ಅವರಂತೂ ಅಜ್ಜ ಮೊಮ್ಮಗ ಇದ್ದ ಹಾಗೆ. ಹೊರಗೆ ಹಪ್ಪಳ ಒಣಹಾಕಿದ್ದೆ, ಒಂದು ಕಣ್ಣು ಕಾಗೆಯ ಮೇಲೆ, ಒಂದು ಕಣ್ಣು ಪಾಟಿಯ ಮೇಲೆ. ಅಷ್ಟು ಹೊತ್ತಿನಲ್ಲಿ ನಮ್ಮ ಸಂಬಂಧಿಕರಲ್ಲಿ ಒಂದು ಗಂಡಿಗೆ ಹೆಣ್ಣು ಗೊತ್ತು ಮಾಡಬಹುದಿತ್ತು. ಜೋಡಿ ಸಿಗಲಿಲ್ಲ. ಶಿವನೇ, ಈ ಲೆಕ್ಕಕ್ಕೆ ಉತ್ತರ ಇಡುವುದನ್ನೇ ಮರೆತೆಯಾ ಅಂತ ಅವನನ್ನೂ ಒಂದು ಮಾತು ಅಂದೆ.

ಸಂಜೆ ಅಕ್ಷತಾ ಬಂದು ಪಾಟಿ ನೋಡಿದಳು. ಬಲಗಡೆ ಒಂಟಿಯಾಗಿ ಕೂತಿದ್ದ ಒಂದರ ಮೇಲೆ ಬೆರಳಿಟ್ಟಳು.

"ಅವ್ವಾ, ಇದ್ಯಾಕಬೇ ಇಲ್ಲಿ ಕುಂತೈತಿ?"

"ಇರಲಿ ಬಿಡ. ಆ ಬಾಜೂ ಪೂರಾ ಬರಿದಾಗಬಾರದು."

ಆಕೆ ನನ್ನ ಮುಖ ನೋಡಿದಳು. ಆಮೇಲೆ ಜೋಳದ ಡಬ್ಬಿ ಇದ್ದ ಕಡೆ ನೋಡಿದಳು. ಆಮೇಲೆ ಕೂತಲ್ಲಿಂದ ನೆಲಕ್ಕೆ ಉರುಳಿ ನಗತೊಡಗಿದಳು. ಆ ನಗೆ ಕೇಳಿ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿಯಿಂದ ಆಗತಾನೇ ಬಂದಿದ್ದ ನಮ್ಮವರು ಕೈಗೆ ಹತ್ತಿದ ಗ್ರೀಸನ್ನೂ ತೊಳೆಯದೆ ಒಳಗೆ ಬಂದರು. ವಿಷಯ ತಿಳಿದು ಅವರೂ ನಕ್ಕರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಒಂದು ಮನೆಯ ಮಂದಿ ಕೂಡಿ ನಗಲಿಕ್ಕೆ ಒಂದು ಕಾರಣ ಸಿಕ್ಕಿತಲ್ಲ.

ನಕ್ಕು ಮುಗಿಸಿ ಅಕ್ಷತಾ ಸೊನ್ನೆಯ ಗುಟ್ಟು ಹೇಳಿದಳು. ಎರಡು ಸಂಖ್ಯೆ ಗುಣಿಸಿ ಹನ್ನೆರಡು ಬಂದರೆ ಅವು ಮೂರು ನಾಲ್ಕು ಇರಬಹುದು, ಎರಡು ಆರು ಇರಬಹುದು, ಯಾರನ್ನೂ ಹಿಡಿದು ಕೇಳುವ ಹಾಗಿಲ್ಲ. ಒಂದು ಬಂದರೂ ಹಿಡಿಯಲು ಬರುವುದಿಲ್ಲ, ಅರ್ಧ ಮತ್ತು ಎರಡು ಕೂಡಿ ಗುಣಿಸಿಕೊಂಡರೂ ಒಂದೇ ಆಗುತ್ತದೆ. ಸೊನ್ನೆ ಬಂದರೆ ಮಾತ್ರ ಇಬ್ಬರಲ್ಲಿ ಒಬ್ಬರಾದರೂ ಸೊನ್ನೆ ಇರಲೇಬೇಕು. ಕಟಕಟೆಯಲ್ಲಿ ನಿಲ್ಲಿಸಿ ಇವನೋ ಅವನೋ ಅಂತ ಕೇಳಬಹುದು. ಇದು ನನಗೆ ಥಟ್ಟನೆ ತಿಳಿಯಿತು. ಹೋದ ದೀಪಾವಳಿಗೆ ನಾನೂ ನಮ್ಮವರೂ ಕೂಡಿ ಆಕಾಶಬುಟ್ಟಿ ಕಟ್ಟಲು ಹೋಗಿದ್ದೆವು. ಅವರು ಏಣಿಯ ಮೇಲೆ, ನಾನು ಕೆಳಗೆ. ಕಟ್ಟಿ ಮುಗಿದಾಗ ಬುಟ್ಟಿಯೂ ಇರಲಿಲ್ಲ, ಬೆಳಕೂ ಇರಲಿಲ್ಲ. ಪೂರಾ ಸೊನ್ನೆ. ಅಂದ ಮೇಲೆ ಇಬ್ಬರಲ್ಲಿ ಒಬ್ಬರು ಸೊನ್ನೆ ಅನ್ನುವುದು ಖರೆ. ಯಾರು ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಇಬ್ಬರ ಉತ್ತರ ಬೇರೆ ಬೇರೆ ಇದ್ದವು, ಅಷ್ಟೇ. ವರ್ಗ ಸಮೀಕರಣಕ್ಕೆ ಯಾಕೆ ಎರಡು ಮೂಲ ಇರುತ್ತವೆ ಅನ್ನುವುದನ್ನು ಆಮೇಲೆ ಅಕ್ಷತಾ ಬಿಡಿಸಿ ಹೇಳುವ ಕಾರಣವೇ ಬೀಳಲಿಲ್ಲ.

ಗುಟ್ಟೇನೋ ತಿಳಿಯಿತು, ಕೈ ಕೇಳಬೇಕಲ್ಲ. ಆ ಒಂದನ್ನು ತಂದು ಹದಿನೈದು ಮಾಡಿದ ಕೂಡಲೇ ಐದು ಮತ್ತು ಮೂರು ತಾವಾಗಿಯೇ ಕೈ ಹಿಡಿದುಕೊಂಡು ಬಂದರು. ಆದರೂ ಹೊಸ ಲೆಕ್ಕ ಬಂದಾಗಲೆಲ್ಲ ಬಲಗಡೆಯನ್ನು ಬಳಿದು ಸೊನ್ನೆ ಬರೆಯುವಾಗ ಬಳಪ ಅಲ್ಲೇ ನಿಂತುಬಿಡುತ್ತಿತ್ತು. ಅದರ ಮೇಲೆ ನಮ್ಮ ಅತ್ತೆ. ಅತ್ತೆಗೆ ಓದು ಬರುವುದಿಲ್ಲ, ಸೊನ್ನೆ ಮಾತ್ರ ಎಲ್ಲಿದ್ದರೂ ಗುರುತು ಹಿಡಿಯುತ್ತಾರೆ. ಒಂದು ದಿನ ದೇವರ ಮುಂದೆ ದೀಪ ಹಚ್ಚಿ ಬಂದವರು ನನ್ನ ಪಾಟಿಯನ್ನು ನೋಡಿದರು. ಸಾಲಿಗೊಂದು ಸೊನ್ನೆ. ಮೇಲಿನಿಂದ ಕೆಳಗಿನ ತನಕ ಸೊನ್ನೆಗಳು ಮುತ್ತಿನ ಸರದ ಹಾಗೆ ಇಳಿದಿದ್ದವು. ಇಡೀ ಸಂಜಿ ಕುಂತು ಇದನ್ನ ಗಳಿಸಿದೇನವಾ ಅಂತ ಕೇಳಿದರು. ದೀಪ ಹಚ್ಚೂ ಹೊತ್ತಿನ್ಯಾಗ ಇದನ್ನ ಬರೀಬ್ಯಾಡ, ಮನಿಗೆ ಛಲೋ ಅಲ್ಲ ಅಂದರು. ನನ್ನ ಹೊಟ್ಟೆಯೊಳಗೆ ಇದ್ದದ್ದನ್ನೇ ಅವರು ಬಾಯಿಬಿಟ್ಟು ಹೇಳಿದ್ದರು. ಪಾಟಿ ಮಗುಚಿ ಇಟ್ಟೆ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಬಟ್ಟೆ ಪಾತ್ರೆ, ಓದಲಿಕ್ಕೆ ಸಂಜೆಯೇ ಇದ್ದದ್ದು. ಅದೂ ಹೋಯಿತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಬಾಲವಾಡಿಯ ದೊಡ್ಡ ಅಕ್ಕೋರು ಬೇರೆ ಯಾರನ್ನೋ ವಿಚಾರಿಸುತ್ತಿದ್ದಾರೆ ಅನ್ನುವ ಸುದ್ದಿಯೂ ಬಂತು. ನನಗೆ ಅವತ್ತು ಊಟ ಸೇರಲಿಲ್ಲ.

ಎರಡು ಸಂಜೆ ನಾನು ಸುಮ್ಮನೆ ಕೂತದ್ದನ್ನು ಅತ್ತೆ ನೋಡಿದರು. ಮೂರನೆಯ ಸಂಜೆ ತಾವೇ ಪಾಟಿ ತಂದು ನನ್ನ ತೊಡೆಯ ಮೇಲೆ ಇಟ್ಟರು. ಅವರು ನಂಬಿಕೆಯನ್ನೂ ಬಿಟ್ಟಿರಲಿಲ್ಲ, ನನ್ನನ್ನೂ ಬಿಟ್ಟಿರಲಿಲ್ಲ.

"ಗಿರಿಜವ್ವಾ, ಆ ಬಾಜೂದ ತಗೀ ಮುಂದ ಖಾಲಿ ಆತು ಅಂತ ತಗೀಬ್ಯಾಡ. ಹೆಚ್ಚಾತು ಅನ್ನು, ಬರಿ. ದೇವರಿಗೆ ತಿಳೀತೈತಿ."

ಇಷ್ಟೇ. ನನ್ನ ಮಗಳು ತಕ್ಕಡಿ ತೋರಿಸಿ, ಕಟಕಟೆ ತೋರಿಸಿ ಮಾಡಲಾಗದ ಕೆಲಸ ಒಂದು ಮಾತಿನಲ್ಲಿ ಆಯಿತು. ಅವತ್ತಿನಿಂದ ನಾನು ಬಲಗಡೆಯದನ್ನು ಪೂರಾ ಎಡಕ್ಕೆ ತಂದು, ಮೆಲ್ಲಗೆ ಹೆಚ್ಚಾತು ಅಂದು, ದುಂಡಗೆ ಸೊನ್ನೆ ಬರೆಯತೊಡಗಿದೆ. ಅತ್ತೆಯೂ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತು ನಾನು ಮರೆತರೆ ನೆನಪು ಮಾಡುತ್ತಿದ್ದರು. ಹಾಗೆ ಕೂತಾಗಲೇ ಒಂದು ವಯಸ್ಸಿನ ಲೆಕ್ಕ ಬಂತು. ಅಕ್ಕ ತಂಗಿಗಿಂತ ಎರಡು ವರ್ಷ ದೊಡ್ಡವಳು, ಇಬ್ಬರ ವಯಸ್ಸು ಗುಣಿಸಿದರೆ ನಲವತ್ತೆಂಟು, ತಂಗಿಯ ವಯಸ್ಸು ಎಷ್ಟು. ನಾನು ಬಿಡಿಸಿದೆ, ಆರು ಅಂತ ಒಂದು ಬಂತು, ಋಣ ಎಂಟು ಅಂತ ಇನ್ನೊಂದು. ಅಕ್ಷತಾ ಋಣ ಎಂಟನ್ನು ಹೊಡೆದು ಹಾಕು ಅಂದಳು. ಅತ್ತೆಗೆ ಕೆಟ್ಟದ್ದೆನಿಸಿತು. ಅದೂ ಅದರಾಗಿಂದನ ಬಂದದ್ದಲ್ಲೇನ, ಅದನ್ಯಾಕ ಹೊರಗ ಹಾಕ್ತೀರಿ ಅಂದರು. ಅಕ್ಷತಾ ತನ್ನ ಆಯಿಗೆ, ಅಜ್ಜಿಗೆ ನಮ್ಮ ಕಡೆ ಆಯಿ ಅನ್ನುತ್ತೇವೆ, ಸಮಾಧಾನ ಹೇಳಿದಳು, ವಯಸ್ಸು ಸೊನ್ನೆಗಿಂತ ಕೆಳಗೆ ಇರುವುದಿಲ್ಲ, ಅದು ಆಗದ ಮಾತು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ವಿಚಾರ ಮಾಡಿದರು. ಹಂಗಾರ ಆಕಿ ಇನ್ನೂ ಎಂಟು ವರ್ಷ ಬಿಟ್ಟು ಹುಟ್ಟೂವಾಕಿ ಇರಬೇಕು, ಹುಟ್ಟಲಿ ಪಾಪ, ಈಗ ಇರಾಕಿಂದಷ್ಟ ಬರಿ ಅಂದರು. ಋಣದ ಮೂಲವನ್ನು ನಾನು ಅವತ್ತಿನಿಂದ ಸಿಟ್ಟಿನಿಂದ ಹೊಡೆದು ಹಾಕಿಲ್ಲ. ಕೈ ಮುಗಿದೇ ಬಿಟ್ಟಿದ್ದೇನೆ.

ಪರೀಕ್ಷೆ ಗೋಕಾಕದಲ್ಲಿ. ಗಣಿತದ ದಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಒಂದು ದಯೆ. ಬಿಸಿಲು ಆ ಕಡೆ ಇತ್ತು, ಎರಡನೆಯದು. ನಾನು ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಪೆನ್ನಿನ ಡಬ್ಬಿ ಹಿಡಿದು ಕೋಣೆಯೊಳಗೆ ಕಾಲಿಟ್ಟೆ. ಒಳಗಿದ್ದ ಹುಡುಗ ಹುಡುಗಿಯರೆಲ್ಲ ದಡಬಡನೆ ಎದ್ದು ನಿಂತು ನಮಸ್ಕಾರ್ರಿ ಮೇಡಂ ಅಂದರು. ನಾನು ಏನು ಮಾಡಲಿ, ಕೂಡ್ರಿ ಕೂಡ್ರಿ ಅಂದು ಸಂದಿಯಲ್ಲಿ ತೂರಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ನಾನೂ ಕೂತೆ. ಆಗ ಎದ್ದ ಗುಸುಗುಸು ಇವತ್ತಿಗೂ ಕಿವಿಯಲ್ಲಿದೆ. ಫ್ಯಾನು ನನ್ನ ನೆತ್ತಿಯ ಮೇಲೆಯೇ ತಿರುಗುತ್ತಿತ್ತು, ಅದು ಮೂರನೆಯ ದಯೆ ಅಂತ ಲೆಕ್ಕಕ್ಕೆ ಹಿಡಿದೆ.

ಪ್ರಶ್ನೆಪತ್ರಿಕೆಯಲ್ಲಿ ಹೊಲದ ಲೆಕ್ಕ ಬಂದಿತ್ತು. ಹೊಲದ ಉದ್ದ ಅಗಲಕ್ಕಿಂತ ಮೂರು ಹೆಚ್ಚು, ಕ್ಷೇತ್ರಫಲ ನಲವತ್ತು. ಇದೊಂದು ಸರಿ ಬಂದರೆ ದಾಟುತ್ತೇನೆ, ಬರದಿದ್ದರೆ ಇಲ್ಲ, ಅಲ್ಲಿಯ ತನಕ ಬರೆದದ್ದರ ಮೇಲೆ ನನಗೇ ಅಷ್ಟು ಭರವಸೆ ಇತ್ತು. ಎಕ್ಸ್ ಅಂತ ಅಗಲ ಹಿಡಿದೆ. ಎಕ್ಸ್ ವರ್ಗ, ಮೂರು ಎಕ್ಸ್, ಆ ಕಡೆ ನಲವತ್ತು. ನಲವತ್ತನ್ನು ತರುವ ಹೊತ್ತಿಗೆ ಹಾಳಾದ ಕೈ ಮತ್ತೆ ಹಳೆಯ ರೂಢಿಗೆ ಬಿತ್ತು, ಮೂವತ್ತೊಂಬತ್ತು ಅಂತ ಬರೆದೇಬಿಟ್ಟೆ. ಅದನ್ನು ಹೊಡೆದು ಹಾಕಿ, ಕಣ್ಣು ಮುಚ್ಚಿ, ಹೆಚ್ಚಾತು ಅಂದೆ. ಮನಸ್ಸಿನಲ್ಲಿ ಅನ್ನಬೇಕಾದದ್ದು, ಗಾಬರಿಗೆ ದನಿ ಎತ್ತರಿಸಿ ಬಂತು. ಮೇಲ್ವಿಚಾರಕರು ಓಡಿ ಬಂದರು. ವಯಸ್ಸಿನಲ್ಲಿ ನನ್ನ ತಮ್ಮನಂತಿದ್ದರು, ಗದರಿಸಲು ಸಂಕೋಚ. ಯಾರ ಕೂಡ ಮಾತಾಡಾಕತ್ತೀರಿ ಅಕ್ಕಾರ ಅಂತ ಮೆಲ್ಲಗೆ ಕೇಳಿದರು. ನಾನು ಎದ್ದು ನಿಂತು, ಯಾರ ಕೂಡಾನೂ ಇಲ್ರಿ, ಸೊನ್ನಿ ಬರಿಯಾಕತ್ತೇನಿ ಅಂದೆ. ಅವರು ನನ್ನ ಉತ್ತರಪತ್ರಿಕೆ ನೋಡಿದರು, ನನ್ನ ವಿಭೂತಿ ನೋಡಿದರು, ಬರೀರಿ ಅಂತ ಹೇಳಿ ದೂರ ಹೋಗಿ ನಿಂತರು. ಬರೆದೆ. ಎಂಟು ಮತ್ತು ಐದು ಬಂದು ನಿಂತರು. ಅಗಲ ಐದು, ಉದ್ದ ಎಂಟು. ಋಣ ಎಂಟರ ಅಗಲದ ಹೊಲಕ್ಕೆ ಒಂದು ಕೈ ಮುಗಿದು ಬಿಟ್ಟೆ.

ಫಲಿತಾಂಶದ ದಿನ ಅಕ್ಷತಾ ಫೋನು ಹಿಡಿದುಕೊಂಡಿದ್ದಳು, ಅತ್ತೆ ಜಪಮಾಲೆ ಹಿಡಿದುಕೊಂಡಿದ್ದರು, ನಾನು ಗೋಡೆ ಹಿಡಿದುಕೊಂಡಿದ್ದೆ. ಅಕ್ಷತಾ ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚು. ಸಂಜೆ ನಮ್ಮವರು ಕರದಂಟಿನ ಡಬ್ಬಿ ತಂದು ಓಣಿಗೆಲ್ಲ ಹಂಚಿದರು. ಮಾರ್ಕ್ಸ್ ಎಷ್ಟ್ರಿ ಅಂತ ಕೇಳಿದವರಿಗೆಲ್ಲ, ಭಾಳ ಇದ್ದೂರಿ, ಪೂರಾ ಬಳಕೊಂಡು ಬರಬಾರದಂತ ನಮ್ಮಾಕಿ ಬಾಕಿದ್ದು ಅಲ್ಲೇ ಬಿಟ್ಟು ಬಂದಾಳ ಅಂತ ಹೇಳುತ್ತಿದ್ದರು. ಹೇಳಲಿ. ಆ ದಿನ ಅವರ ಮುಖ ನನಗಿಂತ ಹೆಚ್ಚು ಅರಳಿತ್ತು.

ದೊಡ್ಡ ಅಕ್ಕೋರು ಬೇರೆ ಯಾರನ್ನೂ ತೆಗೆದುಕೊಳ್ಳದೆ ನನಗಾಗಿಯೇ ಕಾದಿದ್ದರು, ಅದೂ ಒಂದು ದಯೆ. ಬಾಲವಾಡಿಗೆ ಹೋದ ಮೊದಲ ದಿನ ನಾನು ಕನ್ನಡಿಯ ಮುಂದೆ ನಿಂತದ್ದು ಮದುವೆಯ ದಿನಕ್ಕಿಂತ ಹೆಚ್ಚು ಹೊತ್ತು ಇರಬೇಕು. ದಾರಿಯಲ್ಲಿ, ಯಾರಾದರೂ ಅಕ್ಕೋರ ಅಂದರೆ ಹೇಗೆ ತಿರುಗಬೇಕು, ನಗಬೇಕೋ ಗಂಭೀರವಾಗಿ ಇರಬೇಕೋ ಅಂತೆಲ್ಲ ಯೋಚಿಸಿದೆ. ಒಳಗೆ ಹೋದೆ. ಹೊಸದಾಗಿ ಸೇರಿದ ಒಂದು ಸಣ್ಣ ಹುಡುಗಿ ಅಳುತ್ತ ಮೂಲೆಯಲ್ಲಿ ಕೂತಿತ್ತು. ನನ್ನನ್ನು ಕಂಡದ್ದೇ ಎದ್ದು ಓಡಿ ಬಂದು ಸೀರೆ ಹಿಡಿದು, ಮುಖ ಮೇಲೆತ್ತಿ, "ಆಯಿ, ಸಿಂಬಳಾ ಒರಸು" ಅಂದಿತು. ನಾನು ಸೆರಗಿನ ತುದಿಯಿಂದ ಒರೆಸಿದೆ. ದೊಡ್ಡ ಅಕ್ಕೋರಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು, ಹಂಗ ಅನಬಾರದು ಪುಟ್ಟೀ, ಇವರು ಆಯಿ ಅಲ್ಲ, ಅಕ್ಕೋರು ಅಂತ ತಿದ್ದಿದರು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಬೈತಲೆಯ ಬಿಳಿಯಿಂದ ಕಾಲುಂಗುರದ ತನಕ ಸಾವಕಾಶವಾಗಿ ನೋಡಿ, ತಲೆ ಅಲ್ಲಾಡಿಸಿ, "ಅಲ್ರಿ, ಆಯಿನ ಅದಾಳ" ಅಂದಿತು. ಅಷ್ಟು ಖಚಿತವಾದ ಉತ್ತರವನ್ನು ನಾನು ಇಡೀ ಗಣಿತದ ಪರೀಕ್ಷೆಯಲ್ಲಿ ಒಂದನ್ನೂ ಬರೆದಿರಲಿಲ್ಲ.